ಪರದೇಶಿಗಳ ಲೆಕ್ಕ

ನಮ್ಮ ಕಡೆ ಯಾರನ್ನಾದರೂ 'ಪರದೇಶಿ' ಎಂದರೆ ಅದು ಕನಿಕರದ ಮಾತು, ಇಲ್ಲವೇ ಬೈಗುಳ. ತಾಯಿತಂದೆ ತೀರಿಕೊಂಡ ಮಗು ಪರದೇಶಿ. ಹೊಲಮನೆ ಕಳೆದುಕೊಂಡು ಗುಡಿಯ ಕಟ್ಟೆ ಸೇರಿದವನು ಪರದೇಶಿ. "ನನ್ನ ಪರದೇಶಿ ಮಾಡಿ ಹೋದೆಲ್ಲೋ" ಎಂದು ಸಾವಿನ ಮನೆಯಲ್ಲಿ ಅಳುವ ಹೆಂಗಸಿನ ಮನಸ್ಸಿನಲ್ಲಿ ಬೇರೆ ದೇಶದ ಸುಳಿವೂ ಇರುವುದಿಲ್ಲ. ಹನ್ನೊಂದು, ಹನ್ನೆರಡನೆಯ ಶತಮಾನದ ವರ್ತಕರ ಶಾಸನಗಳಲ್ಲಿ ಮಾತ್ರ ಇದೇ ಪದ ತಲೆಯೆತ್ತಿಕೊಂಡು ಓಡಾಡುತ್ತದೆ. ಸ್ವದೇಶಿ, ಪರದೇಶಿ, ನಾನಾದೇಶಿ ಎಂದು ವ್ಯಾಪಾರಿಗಳು ತಮ್ಮನ್ನು ತಾವೇ ಕರೆದುಕೊಳ್ಳುತ್ತಾರೆ, ಬಿರುದಿನ ಹಾಗೆ. ಕೊಚ್ಚಿಯ ಮಟ್ಟಂಚೇರಿಯಲ್ಲಿ 1568ರಲ್ಲಿ ಕಟ್ಟಿದ ಯಹೂದಿ ಪ್ರಾರ್ಥನಾ ಮಂದಿರಕ್ಕೆ ಇಂದಿಗೂ 'ಪರದೇಶಿ ಸಿನಗಾಗ್' ಎಂದೇ ಹೆಸರು. ನಾಲ್ಕೂವರೆ ಶತಮಾನ ಕಳೆದರೂ ಆ ಹೆಸರನ್ನು ಅಳಿಸಬೇಕೆಂದು ಅಲ್ಲಿನವರಿಗೂ ಅನ್ನಿಸಲಿಲ್ಲ, ಊರಿನವರಿಗೂ ಅನ್ನಿಸಲಿಲ್ಲ.

ಗೌರವದ ಪದ ಅನಾಥರ ಪದವಾದದ್ದು ಹೇಗೆ ಎಂಬುದು ಭಾಷಾಶಾಸ್ತ್ರದವರ ಕೆಲಸ. ನನ್ನ ಕುತೂಹಲ ಅದರ ಪಕ್ಕದ ಇನ್ನೊಂದು ಪ್ರಶ್ನೆಯಲ್ಲಿದೆ. ಒಂದು ಊರಿಗೆ ಬಂದು ಬಹಳ ಕಾಲ ಇರುವವನು ಯಾವಾಗ ಆ ಊರಿನವನಾಗುತ್ತಾನೆ? ಆಗದೆಯೇ ಉಳಿದರೆ ಅವನಿಗೆ ನಷ್ಟವೇ, ಲಾಭವೇ? ಈಗ ನಮ್ಮ ಊರುಗಳಲ್ಲಿ ಇದು ವೀಸಾ, ಗ್ರೀನ್ ಕಾರ್ಡುಗಳ ಮಾತು. ಆದರೆ ವೀಸಾ ಎಂಬ ಕಾಗದ ಹುಟ್ಟುವ ಎಷ್ಟೋ ಶತಮಾನ ಮೊದಲೇ ಈ ನೆಲದ ಜನ ಇದಕ್ಕೆ ತಮ್ಮದೇ ಉತ್ತರಗಳನ್ನು ಮಾಡಿಕೊಂಡಿದ್ದರು. ಅವುಗಳನ್ನು ನೋಡುವುದಕ್ಕೆ ಸವದತ್ತಿ ತಾಲೂಕಿನ ಹೂಲಿ ಒಳ್ಳೆಯ ಜಾಗ.

ಸವದತ್ತಿ ಎಂದರೆ ಎಲ್ಲರಿಗೂ ಎಲ್ಲಮ್ಮನ ಗುಡ್ಡ ನೆನಪಾಗುತ್ತದೆ. ಹೂಲಿಗೆ ಹೋಗುವವರು ಕಡಿಮೆ. ಹೋದವರಿಗೆ ಪಂಚಲಿಂಗೇಶ್ವರ ಗುಡಿ ಕಾಣುತ್ತದೆ, ಅದರ ಸುತ್ತಮುತ್ತ ಮುಳ್ಳುಕಂಟಿ ಬೆಳೆದ, ಅರ್ಧ ಕುಸಿದ ಗುಡಿಗಳು ಒಂದರ ಹಿಂದೊಂದು ಕಾಣುತ್ತವೆ. ಇಂದಿನ ಊರಿನ ಅಳತೆಗೆ ಅಷ್ಟು ಗುಡಿಗಳು ಹೊಂದುವುದಿಲ್ಲ. ಶಾಸನಗಳಲ್ಲಿ ಈ ಊರಿನ ಹೆಸರು ಪೂಲಿ. ಕಲ್ಯಾಣದ ಚಾಲುಕ್ಯರ ಕಾಲದ ಹಲವು ಶಾಸನಗಳು ಇಲ್ಲಿ ಸಿಕ್ಕಿವೆ. ಎಲ್. ಡಿ. ಬಾರ್ನೆಟ್ ಅವನ್ನು ಸಂಪಾದಿಸಿ 'ಎಪಿಗ್ರಾಫಿಯಾ ಇಂಡಿಕಾ'ದ 18ನೆಯ ಸಂಪುಟದಲ್ಲಿ ಅಚ್ಚು ಹಾಕಿಸಿದರು. ಅವುಗಳಲ್ಲಿ ಮತ್ತೆ ಮತ್ತೆ ಎದುರಾಗುವವರು ಪೂಲಿಯ ಸಾಸಿರ್ವರು, ಅಂದರೆ ಸಾವಿರ ಮಂದಿ ಮಹಾಜನರು.

ಸಾವಿರ ಎಂಬುದನ್ನು ತಲೆ ಎಣಿಸಿದ ಲೆಕ್ಕ ಎಂದು ತಿಳಿಯಬೇಕಾಗಿಲ್ಲ. ಅಯ್ಯಾವೊಳೆಯ ಐನೂರ್ವರು ಹೇಗೆ ಐನೂರು ಜನರಲ್ಲವೋ ಹಾಗೆಯೇ ಇದೂ ಒಂದು ಸಂಸ್ಥೆಯ ಹೆಸರು. ಅಗ್ರಹಾರದ ಭೂಮಿಯನ್ನು ವೃತ್ತಿಗಳಾಗಿ ಪಾಲು ಮಾಡುತ್ತಿದ್ದರು. ವೃತ್ತಿ ಪಡೆದವರು ಸೇರಿ ಊರಿನ ಆಡಳಿತ ನಡೆಸುತ್ತಿದ್ದರು. ಗುಡಿಗೆ ಬಂದ ದತ್ತಿಯನ್ನು ವಹಿಸಿಕೊಳ್ಳುವವರು ಅವರು, ಕೊಟ್ಟ ಹೊಲದ ಎಲ್ಲೆ ಕಾಯುವವರು ಅವರು, ದಾನ ಧರ್ಮ ತಪ್ಪದೆ ನಡೆಯುತ್ತಿದೆಯೇ ಎಂದು ನೋಡಿಕೊಳ್ಳುವವರೂ ಅವರೇ. ಸುಮಾರು 1044ರ ಒಂದು ಶಾಸನ ಇಲ್ಲಿ ಯಾಪನೀಯ ಸಂಘದ ಜೈನ ಗುರು ಬಾಲಚಂದ್ರ ಭಟ್ಟಾರಕರನ್ನು ಹೆಸರಿಸುತ್ತದೆ. ವೈದಿಕರ ಅಗ್ರಹಾರದ ಎಲ್ಲೆಯೊಳಗೆ ಜೈನರ ಬಸದಿಗೂ ಜಾಗವಿತ್ತು ಎಂಬುದು ನನಗೆ ಯಾವತ್ತೂ ಬೆರಗಿನ ಸಂಗತಿ.

ದಾನಶಾಸನಗಳಲ್ಲಿ ನೆಲೆಗೆ ಹಾಕುವ ಅವಧಿ ಒಂದೇ: ಆಚಂದ್ರಾರ್ಕ. ಸೂರ್ಯಚಂದ್ರರಿರುವ ತನಕ. ಇಂದು ಯಾವ ದೇಶದ ಕಚೇರಿಯೂ ಕೊಡಲಾರದ ಅವಧಿ ಇದು. ಆದರೆ ಈ ಉದಾರತೆಯ ಬೆನ್ನಿಗೇ ಕಟ್ಟುಪಾಡುಗಳಿರುತ್ತವೆ. ಆ ಕಾಲದ ಎಷ್ಟೋ ಶೈವ ಗುಡಿಗಳ ಶಾಸನಗಳು ಈ ಸ್ಥಾನದಲ್ಲಿ ನೈಷ್ಠಿಕ ಬ್ರಹ್ಮಚಾರಿಗಳಷ್ಟೇ ಇರತಕ್ಕದ್ದು, ತಪ್ಪಿದವರನ್ನು ಹೊರಗೆ ಹಾಕತಕ್ಕದ್ದು ಎಂದು ಕಟ್ಟಾಜ್ಞೆ ಮಾಡುತ್ತವೆ. ಬಂದು ಎಷ್ಟು ವರ್ಷವಾಯಿತು ಎಂದು ಯಾರೂ ಕೇಳುತ್ತಿರಲಿಲ್ಲ. ಇಲ್ಲಿ ನಿನ್ನ ಮೇಲಿರುವ ಹೊಣೆ ಏನು, ಅದನ್ನು ನಡೆಸುತ್ತಿದ್ದೀಯಾ ಎಂದು ಕೇಳುತ್ತಿದ್ದರು. ನೆಲೆ ಎಂದರೆ ಹೊಣೆಯ ಇನ್ನೊಂದು ಹೆಸರು.

ಇದನ್ನು ಓದಿ ಆ ಕಾಲ ಎಷ್ಟು ಚೆಂದವಿತ್ತು ಎಂದುಕೊಳ್ಳುವವರಿದ್ದಾರೆ. ಅವರಿಗೆ ನಾನು ಸಾಸಿರ್ವರ ಪಟ್ಟಿಯಲ್ಲಿ ಇಲ್ಲದವರನ್ನು ತೋರಿಸಬೇಕಾಗುತ್ತದೆ. ಆ ವೃತ್ತಿಯ ಹೊಲಗಳನ್ನು ಉತ್ತವರು ಯಾರು? ಎತ್ತು ಹೂಡಿದ ಒಕ್ಕಲು, ಕಲ್ಲು ಕಡಿದು ಗುಡಿ ಎಬ್ಬಿಸಿದವರು, ಊರ ಹೊರಗಿನ ಕೇರಿಯವರು ತಲೆತಲಾಂತರದಿಂದ ಅಲ್ಲೇ ಇದ್ದರು. ಸಾಸಿರ್ವರ ಸಭೆಯಲ್ಲಿ ಅವರಿಗೆ ಆಸನವಿರಲಿಲ್ಲ. ಹೊರಗಿನಿಂದ ಕರೆತಂದು ದಾನ ಕೊಟ್ಟವರು ಊರಿನ ಯಜಮಾನರಾದರು, ಮೊದಲಿನಿಂದ ಇದ್ದವರು ಇದ್ದಲ್ಲೇ ಉಳಿದರು. ಎಷ್ಟು ದಿನ ಇದ್ದೆ ಎಂಬ ಲೆಕ್ಕ ಆಗ ಇರಲಿಲ್ಲ ಎಂಬ ಮಾತಿಗೆ ಹೀಗೆ ಎರಡು ಮುಖ.

ನೆಲೆಯಿಲ್ಲದೆ ಓಡಾಡುವುದನ್ನೇ ಹೆಗ್ಗಳಿಕೆ ಮಾಡಿಕೊಂಡವರ ಕತೆ ಇನ್ನೂ ರುಚಿಯಾಗಿದೆ. ಮಲಪ್ರಭೆ ಸವದತ್ತಿಯ ಬಳಿ ಈಗ ಅಣೆಕಟ್ಟೆಗೆ ಸಿಕ್ಕಿ ನಿಲ್ಲುತ್ತದೆ. ಅಲ್ಲಿಂದ ಮುಂದೆ ರಾಮದುರ್ಗದ ಮೇಲೆ ಹಾದು, ಪಟ್ಟದಕಲ್ಲನ್ನು ಬಳಸಿ ಐಹೊಳೆಗೆ ಬರುತ್ತದೆ. ಆ ಐಹೊಳೆಯೇ ಅಯ್ಯಾವೊಳೆ. ಅದರ ಹೆಸರು ಹೊತ್ತ ಐನೂರ್ವರ ವರ್ತಕ ಸಂಘ ಕನ್ನಡ, ತೆಲುಗು, ತಮಿಳು ನಾಡುಗಳಲ್ಲೆಲ್ಲ ಹರಡಿತ್ತು. ಬಳ್ಳಿಗಾವಿಯ ಹನ್ನೆರಡನೆಯ ಶತಮಾನದ ಒಂದು ಶಾಸನ ಈ ವರ್ತಕರು ಓಡಾಡಿದ ದೇಶಗಳ ದೊಡ್ಡ ಪಟ್ಟಿಯನ್ನೇ ಕೊಡುತ್ತದೆ: ಚೇರ, ಚೋಳ, ಪಾಂಡ್ಯ, ಮಗಧ, ಕೋಸಲ, ಸೌರಾಷ್ಟ್ರ, ಕಾಂಭೋಜ, ಲಾಟ, ಪಾರಸ, ನೇಪಾಳ. ಕೃತಯುಗದಿಂದಲೂ ದೇಶ ಸುತ್ತುವುದಕ್ಕೆಂದೇ ಹುಟ್ಟಿದವರು ಎಂಬ ಅರ್ಥದಲ್ಲಿ ಅದು ಅವರನ್ನು ಹೊಗಳುತ್ತದೆ. ಅವರಿಗೆ ಬಣಂಜುಧರ್ಮ ಎಂಬ ತಮ್ಮದೇ ನಡಾವಳಿ ಇತ್ತು. ಊರಿನಲ್ಲೇ ನೆಲೆನಿಂತ ವ್ಯಾಪಾರಿಗಳ ಸಂಘ ಬೇರೆ, ಅದು ನಖರ. ಎರಡೂ ಕಡೆಯವರು ಒಟ್ಟಿಗೆ ಕುಳಿತು ತೀರ್ಮಾನ ಮಾಡಿದ ಉದಾಹರಣೆಗಳು ಬೇಕಾದಷ್ಟಿವೆ.

ಹೂಲಿಯ ನೆರೆಯಲ್ಲೇ ಒಂದು ಸಿಗುತ್ತದೆ. ಸವದತ್ತಿಯ ರಟ್ಟರು ಕೂಂಡಿ ಮೂರು ಸಾವಿರ ನಾಡನ್ನು ಆಳಿದವರು. ಮುಂದೆ ವೇಣುಗ್ರಾಮ, ಅಂದರೆ ಇಂದಿನ ಬೆಳಗಾವಿ, ಅವರ ರಾಜಧಾನಿಯಾಯಿತು. ನಾಲ್ಕನೆಯ ಕಾರ್ತವೀರ್ಯನ ಕಾಲದಲ್ಲಿ, 1204ರ ಸುಮಾರಿಗೆ, ಮಂತ್ರಿ ಬೀಚಣ ಅಲ್ಲಿ ರಟ್ಟ ಜಿನಾಲಯವನ್ನು ಕಟ್ಟಿಸಿದ. ಆ ಬಸದಿಗೆ ಸಂಬಂಧಿಸಿದ ದತ್ತಿಯಲ್ಲಿ ಊರಿನ ಅಕ್ಕಸಾಲಿಗರು, ಬಟ್ಟೆ ಮಾರುವವರು, ಎಣ್ಣೆಯವರು ಇದ್ದಾರೆ. ಅವರ ಜೊತೆಗೆ ಲಾಳದ ವರ್ತಕರೂ ಮಲೆಯಾಳದ ವರ್ತಕರೂ ಇದ್ದಾರೆ. ಲಾಳ ಎಂದರೆ ಗುಜರಾತಿನ ಕಡೆ, ಮಲೆಯಾಳ ಎಂದರೆ ಕೇರಳದ ಕಡೆ. ಇವರು ಬೆಳಗಾವಿಯವರಾಗಿ ಪರಿವರ್ತನೆಗೊಂಡು ಅಲ್ಲಿ ಕುಳಿತಿರಲಿಲ್ಲ. ಲಾಳದವರು ಲಾಳದವರಾಗಿಯೇ, ತಮ್ಮ ಮುಖಂಡರ ಹೆಸರು ಹೇಳಿಕೊಂಡೇ, ಊರಿನ ಸಭೆಯಲ್ಲಿ ಪಾಲುಗೊಂಡರು. ತಾವು ಮಾರುವ ಸರಕಿನ ಮೇಲೆ ಇಂತಿಷ್ಟು ಎಂದು ಬಸದಿಗೆ ಬಿಟ್ಟರು. ಪರದೇಶಿಯೊಬ್ಬನ ಹಿಂದೆ ಅವನ ಸಂಘವಿತ್ತು. ಒಬ್ಬ ತಪ್ಪು ಮಾಡಿದರೆ ಕೇಳಲು ಅವರ ನಾಯಕನಿದ್ದ, ಅವನಿಗೆ ಅನ್ಯಾಯವಾದರೆ ನಿಲ್ಲಲೂ ಅದೇ ನಾಯಕನಿದ್ದ. ಅಂದಹಾಗೆ, ಇದೇ ಕಾರ್ತವೀರ್ಯನ ಎರಡು ಬೆಳಗಾವಿ ಶಾಸನಗಳ ಕಲ್ಲುಗಳು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಸೇರಿವೆ. ಹೋದ ಕಲ್ಲುಗಳಿಗೆ ಯಾರೂ ಮರಳುವ ದಿನಾಂಕ ಕೇಳಿಲ್ಲ.

ಸಂಘದ ಮಾತಾಯಿತು. ಒಬ್ಬ ಒಂಟಿ ಮನುಷ್ಯ ಹೀಗೆ ಹೊರನಾಡಿನಲ್ಲಿ ಬದುಕಿದರೆ ಹೇಗಿರುತ್ತಿತ್ತು? ನಮ್ಮ ಅದೃಷ್ಟಕ್ಕೆ ಅಂಥವನೊಬ್ಬನ ಪತ್ರಗಳು ಉಳಿದಿವೆ, ಅದೂ ಪೂಲಿಯ ಸಾಸಿರ್ವರ ಕಾಲದವೇ. ಟುನೀಸಿಯಾದ ಮಹದಿಯಾದಲ್ಲಿ ಹುಟ್ಟಿದ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕ ಏಡನ್ ಮೂಲಕ ಮಂಗಳೂರಿಗೆ ಬಂದ. ಆಗ ಅದು ಆಳುಪರ ನಾಡು. ಕೈರೋದ ಹಳೆಯ ಸಿನಗಾಗಿನ ಕೋಣೆಯೊಂದರಲ್ಲಿ, ಗೆನೀಜಾ ಎಂಬ ಹಳೆಗಾಗದಗಳ ರಾಶಿಯಲ್ಲಿ, ಅವನ ಕಾಗದಗಳು ಸಿಕ್ಕವು. ಅಮಿತಾವ್ ಘೋಷ್ ತಮ್ಮ 1992ರ 'ಇನ್ ಆನ್ ಆಂಟಿಕ್ ಲ್ಯಾಂಡ್' ಪುಸ್ತಕದಲ್ಲಿ ಈ ಜಾಡನ್ನೇ ಹಿಡಿದು ಹೋದರು. 1132ರ ಅಕ್ಟೋಬರ್ 17ರಂದು ಮಂಗಳೂರಿನಲ್ಲಿ ಅವನು ಆಶು ಎಂಬ ಹೆಣ್ಣನ್ನು ದಾಸ್ಯದಿಂದ ಬಿಡುಗಡೆ ಮಾಡಿದ ಪತ್ರ ಇದೆ. ಅವನ ಮಕ್ಕಳ ತಾಯಿ ಅವಳೇ ಎಂದು ವಿದ್ವಾಂಸರ ಎಣಿಕೆ. ಅವನದೊಂದು ಕಂಚಿನ ಕಾರ್ಖಾನೆಯಿತ್ತು. ಒಡೆದ ಹಳೆಯ ಪಾತ್ರೆಗಳು ಏಡನ್ನಿನಿಂದ ಬರುತ್ತಿದ್ದವು, ಇಲ್ಲಿ ಕರಗಿ ಹೊಸದಾಗಿ ಹೋಗುತ್ತಿದ್ದವು. ಮೆಣಸು, ಅಡಿಕೆ, ಕಬ್ಬಿಣ ಹಡಗು ಹತ್ತುತ್ತಿದ್ದವು. ಅಲ್ಲಿಂದ ಅವನಿಗೆ ಬರೆಯುವ ಕಾಗದ, ಸಕ್ಕರೆ ಬರುತ್ತಿದ್ದವು. ಬೊಮ್ಮ ಎಂಬ ಅವನ ಆಳು ಅವನ ಪರವಾಗಿ ಏಡನ್ನಿಗೆ ಹೋಗಿ ವ್ಯವಹಾರ ಮುಗಿಸಿ ಬರುತ್ತಿದ್ದ.

ಸುಮಾರು ಹದಿನೇಳು ವರ್ಷ ಹೀಗೆ ನಡೆಯಿತು. ಮನೆ, ಸಂಸಾರ, ಕಾರ್ಖಾನೆ, ನಂಬಿಕೆಯ ಆಳು, ಒಬ್ಬ ಮನುಷ್ಯ ಊರಿನವನಾಗಲು ಬೇಕಾದದ್ದೆಲ್ಲ ಇತ್ತು. ಆದರೂ ಬೆನ್ ಯಿಜುವಿನ ಪತ್ರಗಳಲ್ಲಿ ಅವನು ಹೊರಗಿನವನಾಗಿಯೇ ಇದ್ದಾನೆ. ಅವನ ಮಾತು, ಹಣ, ಮಾನ ಎಲ್ಲದರ ಹೊಣೆ ಏಡನ್ನಿನಲ್ಲಿತ್ತು. ಅಲ್ಲಿ ವರ್ತಕರ ಪ್ರತಿನಿಧಿಯಾಗಿದ್ದ ಮಡ್ಮೂನ್ ಇಬ್ನ್ ಅಲ್ ಹಸನ್ ಅವನ ಆಸರೆ. 1149ರಲ್ಲಿ ಬೆನ್ ಯಿಜು ಮಕ್ಕಳನ್ನು ಕರೆದುಕೊಂಡು ಏಡನ್ನಿಗೆ ಮರಳಿದ. ಆಮೇಲೆ ಅವನನ್ನು ಕಾಡಿದ ಒಂದೇ ಚಿಂತೆ, ಮಗಳನ್ನು ತನ್ನ ಅಣ್ಣತಮ್ಮಂದಿರ ಮಗನಿಗೇ ಕೊಟ್ಟು ಮದುವೆ ಮಾಡಬೇಕೆಂಬುದು. 1156ರಲ್ಲಿ ಈಜಿಪ್ತಿನ ಫುಸ್ತಾತಿನಲ್ಲಿ ಆ ಮದುವೆ ನಡೆಯಿತು. ಮಂಗಳೂರಿನಲ್ಲಿ ಹುಟ್ಟಿದ ಹುಡುಗಿ ನೈಲ್ ನದಿಯ ದಂಡೆಯಲ್ಲಿ ಸೊಸೆಯಾದಳು. ಆ ನಂತರದ ಕಾಗದಗಳಲ್ಲಿ ಆಶು ಇಲ್ಲ. ಹೋಗುವವರ, ಮರಳುವವರ ಚರಿತ್ರೆಯಲ್ಲಿ ಹಿಂದೆ ಉಳಿದವರಿಗೆ ಪತ್ರ ಬರೆಯುವವರು ಕಡಿಮೆ.

ಬೆನ್ ಯಿಜು ಹೊರಗಿನವನಾಗಿ ಉಳಿದದ್ದು ಯಾರೋ ತಡೆದದ್ದಕ್ಕಲ್ಲ, ಅದು ಅವನದೇ ಆಯ್ಕೆ ಎಂದು ನನಗೆ ಅನ್ನಿಸುತ್ತದೆ. ಹೀಗೆ ಬೇಕೆಂತಲೇ ಹೊರಗಿನವರಾಗಿ ಉಳಿಯುವ ಜಾಣತನ ಹೊಸದೇನೂ ಅಲ್ಲ. ಪೇಶ್ವೆಯವರಿಂದ ಗೆದ್ದ ಸೀಮೆಯ ಬಗ್ಗೆ ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್ 1819ರಲ್ಲಿ ಬರೆದ ವರದಿಯಲ್ಲಿ ಎರಡು ಬಗೆಯ ರೈತರು ಬರುತ್ತಾರೆ, ಮಿರಾಸದಾರರು ಮತ್ತು ಉಪ್ರಿಗಳು. ಮಿರಾಸದಾರ ಊರಿನ ಮೂಲದವನು, ಹೊಲ ಅವನ ವಂಶದ್ದು, ಮಾರುವ ಹಕ್ಕೂ ಅವನಿಗೆ. ಊರ ಪಂಚಾಯ್ತಿಯಲ್ಲಿ ಅವನ ಮಾತಿಗೆ ತೂಕ. ಊರು ಬಿಟ್ಟು ಹೋಗಿ ದಶಕಗಳ ನಂತರ ಮರಳಿದರೂ ತನ್ನ ಹೊಲ ಕೇಳಬಹುದಿತ್ತು. ಉಪ್ರಿ ಹೊರಗಿನಿಂದ ಬಂದವನು, ಕೌಲಿನ ಮೇಲೆ ಹೊಲ ಮಾಡುವವನು. ಕೇಳಿದರೆ ಎಲ್ಲರೂ ಮಿರಾಸದಾರರಾಗಲು ಹಾತೊರೆಯಬೇಕು. ಆದರೆ ಮಿರಾಸದಾರನ ಮೇಲೆ ಕಂದಾಯ ಹೆಚ್ಚು. ಬಿತ್ತಲಿ ಬಿಡಲಿ ಅವನು ತೆರಲೇಬೇಕು. ಕೆಲವೆಡೆ ಮೂರು ವರ್ಷಕ್ಕೊಮ್ಮೆ ಮಿರಾಸ ಪಟ್ಟಿ ಎಂಬ ಬೇರೆ ತೆರಿಗೆ, ಊರಿನವನೆಂಬ ಹೆಮ್ಮೆಗೇ ಹಾಕಿದ ದಂಡ. ಉಪ್ರಿಗೆ ಕೌಲು ಹಗುರ, ಬರ ಬಿದ್ದರೆ ಗಂಟು ಕಟ್ಟಿ ಮುಂದಿನ ಊರು. ಈ ಪದ್ಧತಿ ಕೃಷ್ಣೆಯ ಉತ್ತರದ ಮರಾಠಿ ಸೀಮೆಯಲ್ಲಿ ಗಟ್ಟಿಯಾಗಿತ್ತು, ನಮ್ಮ ಕಡೆ ಅಷ್ಟಾಗಿ ಬೇರು ಬಿಡಲಿಲ್ಲ. ಆದರೂ ಇದನ್ನು ಓದುವಾಗ ನನಗೆ ವಾರಾಂತ್ಯದಲ್ಲಿ ಫೋನ್ ಮಾಡುವ ಅಮೆರಿಕದ ಬಂಧುಗಳ ಮಾತೇ ಕೇಳಿಸುತ್ತದೆ.

ಉಪ್ರಿಗೂ ಇಂದಿನ ಪ್ರವಾಸಿ ವೀಸಾದವನಿಗೂ ನಡುವೆ ಒಂದು ದೊಡ್ಡ ಬದಲಾವಣೆ ಆಯಿತು. ಮೊದಲ ಮಹಾಯುದ್ಧದ ನಂತರ ಗಡಿ ದಾಟುವ ಪ್ರತಿಯೊಬ್ಬನ ಕೈಗೂ ಕಾಗದ ಬಂತು. ನಮ್ಮಲ್ಲಿ 1920ರ ಪಾಸ್‌ಪೋರ್ಟ್ ಕಾಯಿದೆ, 1939ರ ವಿದೇಶಿಯರ ನೋಂದಣಿ ಕಾಯಿದೆ, 1946ರ ವಿದೇಶಿಯರ ಕಾಯಿದೆ ಒಂದರ ಮೇಲೊಂದು ಬಂದವು. ಇವೆಲ್ಲ ಬ್ರಿಟಿಷರು ಮಾಡಿದವು. ಇವುಗಳನ್ನು ತೆಗೆದು ಹಾಕಿ ಒಂದೇ ಹೊಸ ಕಾಯಿದೆ ಜಾರಿಯಾದದ್ದು 2025ರ ಸೆಪ್ಟೆಂಬರ್ 1ರಂದು. ಸಂಘ, ನಾಯಕ, ನಖರ ಯಾವುದೂ ಈಗ ನಡುವೆ ಇಲ್ಲ. ಒಂದು ಕಡೆ ಸರಕಾರ, ಇನ್ನೊಂದು ಕಡೆ ಒಬ್ಬ ಮನುಷ್ಯ, ನಡುವೆ ದಿನಾಂಕ ಒತ್ತಿದ ಒಂದು ಮುದ್ರೆ.

ದಿನದ ಲೆಕ್ಕ ಬಂದೊಡನೆ ದಿನದ ಲೆಕ್ಕವನ್ನು ದಾಟುವ ಉಪಾಯವೂ ಹುಟ್ಟುತ್ತದೆ. ಗೋಕರ್ಣದ ಕುಡ್ಲೆ, ಓಂ ತೀರಗಳಲ್ಲಿ ಚಳಿಗಾಲವೆಲ್ಲ ಕಳೆಯುವ ವಿದೇಶಿಯರಲ್ಲಿ ವರ್ಷಗಟ್ಟಲೆ ಹೀಗೇ ಬದುಕಿದವರಿದ್ದರು. ವೀಸಾ ಮುಗಿಯುವ ಹೊತ್ತಿಗೆ ನೇಪಾಳಕ್ಕೋ ಶ್ರೀಲಂಕೆಗೋ ಹೋಗಿ ಹೊಸ ವೀಸಾ ಹಾಕಿಸಿಕೊಂಡು ತಿರುಗಿ ಬರುತ್ತಿದ್ದರು. 2009ರ ಕೊನೆಯಲ್ಲಿ ಭಾರತ ಸರಕಾರ ಎರಡು ಭೇಟಿಗಳ ನಡುವೆ ಎರಡು ತಿಂಗಳ ಅಂತರ ಇರಲೇಬೇಕೆಂದು ನಿಯಮ ಮಾಡಿತು. 2012ರಲ್ಲಿ ಅದನ್ನು ಬಹುಪಾಲು ದೇಶದವರಿಗೆ ಸಡಿಲಿಸಿತು. ಅಷ್ಟು ವರ್ಷ ಇದ್ದ ಮೇಲೆ ಅವರು ಇಲ್ಲೇ ನೆಲೆ ಕೇಳಬಹುದಿತ್ತಲ್ಲ ಎಂದರೆ, ಕೇಳಲು ಬಾಗಿಲು ಎಲ್ಲಿದೆ? ಭಾರತೀಯ ಮೂಲದವರಿಗೆ, ಭಾರತೀಯರನ್ನು ಮದುವೆಯಾದವರಿಗೆ ಓಸಿಐ ಇದೆ. 2016ರಲ್ಲಿ ಶಾಶ್ವತ ವಾಸದ ಯೋಜನೆಯೊಂದು ಬಂತು, ಅದಕ್ಕೆ ಹದಿನೆಂಟು ತಿಂಗಳಲ್ಲಿ 10 ಕೋಟಿ ಅಥವಾ ಮೂರು ವರ್ಷದಲ್ಲಿ 25 ಕೋಟಿ ರೂಪಾಯಿ ಬಂಡವಾಳ ಹೂಡಬೇಕು. ಸಮುದ್ರದಂಡೆಯ ಗುಡಿಸಲಿನಲ್ಲಿ ಕೊಳಲು ಊದುವವನಿಗೆ ಇದು ಹೇಳಿದ್ದಲ್ಲ.

ಮುಂಡಗೋಡಿನ ಟಿಬೆಟಿಯನ್ನರದು ಇನ್ನೊಂದು ಬಗೆ. 1966ರಲ್ಲಿ ಕಾಡು ಕಡಿದು ಶುರುವಾದ ಆ ವಸಾಹತಿನಲ್ಲಿ ಈಗ ಮೂರನೆಯ ತಲೆಮಾರು ಮುಸುಕಿನ ಜೋಳ ಬೆಳೆಯುತ್ತಿದೆ, ಕನ್ನಡ ಮಾತಾಡುತ್ತಿದೆ. ಆದರೂ ಅವರ ಕೈಯಲ್ಲಿರುವುದು ವಿದೇಶಿಯರ ನೋಂದಣಿ ಪತ್ರ, ಆಗಾಗ ನವೀಕರಿಸಬೇಕು. 1950ರ ಜನವರಿ 26ರಿಂದ 1987ರ ಜುಲೈ 1ರೊಳಗೆ ಇಲ್ಲಿ ಹುಟ್ಟಿದವರು ಕಾನೂನಿನ ಪ್ರಕಾರ ಹುಟ್ಟಿನಿಂದಲೇ ಭಾರತೀಯರು ಎಂಬುದನ್ನು ಕರ್ನಾಟಕ ಹೈಕೋರ್ಟ್ 2013ರಲ್ಲಿ ಎತ್ತಿಹಿಡಿಯಿತು. ಅರ್ಹತೆ ಇದ್ದರೂ ಪೌರತ್ವ ಬೇಡವೆನ್ನುವವರು ಅವರಲ್ಲಿದ್ದಾರೆ. ಪಡೆದರೆ ಟಿಬೆಟ್ಟಿನ ಕೇಳಿಕೆಯೇ ಕೈಬಿಟ್ಟ ಹಾಗಾಗುತ್ತದೆ ಎಂಬ ಅಳುಕು. ಕಾಗದದಲ್ಲಿ ಪರದೇಶಿಯಾಗಿ ಉಳಿಯುವುದೇ ಇಲ್ಲಿ ನಿಷ್ಠೆ.

ಈಗ ನಮ್ಮವರ ಮಾತಿಗೆ ಬರುತ್ತೇನೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಸೀಮೆಯಲ್ಲಿ ಈಗ ಮಗನೋ ಮಗಳೋ ಅಮೆರಿಕದಲ್ಲಿರುವ ಮನೆಗಳು ಅಪರೂಪವಲ್ಲ. ಆ ತಾಯಿತಂದೆಯರು ಮೊದಲ ಸಲ ಹೋಗುವುದು ಬಾಣಂತನಕ್ಕೆ. ಕೈಯಲ್ಲಿರುವುದು ಬಿ-2 ವೀಸಾ, ಹತ್ತು ವರ್ಷದ್ದು. ಹತ್ತು ವರ್ಷ ಎಂದ ಕೂಡಲೇ ಹತ್ತು ವರ್ಷ ಇರಬಹುದು ಎಂದು ಅರ್ಥವಲ್ಲ, ಒಮ್ಮೆ ಹೋದರೆ ಸಾಮಾನ್ಯವಾಗಿ ಆರು ತಿಂಗಳು. ಅವಧಿ ಹೆಚ್ಚಿಸಿಕೊಳ್ಳಲು ಅರ್ಜಿ ಹಾಕಬಹುದು, ಆದರೆ ಮತ್ತೆ ಮತ್ತೆ ಹಾಗೆ ಮಾಡಿದರೆ ಮುಂದಿನ ಸಲ ವಿಮಾನ ನಿಲ್ದಾಣದ ಅಧಿಕಾರಿ ನೀವು ಇಲ್ಲೇ ಇರಲು ಬಂದಿದ್ದೀರಿ ಎಂದು ಕೇಳುತ್ತಾನೆ. ಆ ದೇಶದ ವಲಸೆ ಕಾಯಿದೆಯ 214(ಬಿ) ಕಲಮು ಪ್ರವಾಸಿ ವೀಸಾ ಬೇಡುವ ಪ್ರತಿಯೊಬ್ಬನನ್ನೂ ನೆಲೆಸಲು ಬರುವವನೆಂದೇ ಮೊದಲು ಊಹಿಸುತ್ತದೆ. ಅಲ್ಲ ಎಂದು ಸಾಬೀತು ಮಾಡುವ ಭಾರ ಅರ್ಜಿ ಹಾಕಿದವರ ಮೇಲೆ. ಹಾಗಾಗಿ ಸಂದರ್ಶನಕ್ಕೆ ಹೋಗುವ ರೈತ ದಂಪತಿಗಳ ಕಡತದಲ್ಲಿ ಹೊಲದ ಉತಾರ ಇರುತ್ತದೆ. ಉತಾರ ಎಂದರೆ ಬೆಂಗಳೂರಿನ ಕಡೆಯವರು ಪಹಣಿ ಎನ್ನುವುದು. ನಾಲ್ಕೆಕರೆ ಎರೆಭೂಮಿ, ಒಂದು ಮನೆ, ಬ್ಯಾಂಕಿನ ಪಾಸ್‌ಬುಕ್. ಅಲ್ಲಿ ಪರದೇಶಿಯಾಗಲು ಇಲ್ಲಿ ನೆಲೆಯುಳ್ಳವರೆಂದು ತೋರಿಸಬೇಕು. ಆಚಂದ್ರಾರ್ಕ ಎಂದು ಕಲ್ಲಿನಲ್ಲಿ ಕೆತ್ತಿಸಿದವರ ನೆಲದಲ್ಲಿ ಈಗ ಉತಾರದ ಕಾಗದ ಸಾಗರದಾಚೆ ಸಾಕ್ಷಿ ಹೇಳುತ್ತಿದೆ.

ಮಕ್ಕಳು ಅಮೆರಿಕದ ಪ್ರಜೆಗಳಾದ ಮೇಲೆ ಗ್ರೀನ್ ಕಾರ್ಡಿನ ಮಾತು ಏಳುತ್ತದೆ. ಇಪ್ಪತ್ತೊಂದು ದಾಟಿದ ಪ್ರಜೆ ತನ್ನ ತಾಯಿತಂದೆಗೆ ಅರ್ಜಿ ಹಾಕಬಹುದು, ಅದಕ್ಕೆ ವರ್ಷಕ್ಕಿಷ್ಟೇ ಎಂಬ ಮಿತಿ ಇಲ್ಲ. ಅಣ್ಣತಮ್ಮಂದಿರಿಗೆ, ನೌಕರಿಯವರಿಗೆ ದಶಕಗಳ ಸಾಲು ಇರುವಾಗ ಇದು ತೆರೆದ ಬಾಗಿಲು. ಹೂಲಿಯ ಕಡೆಯವರೇ ಆದ ನಿವೃತ್ತ ಮಾಸ್ತರೊಬ್ಬರು ಈ ಬಾಗಿಲು ದಾಟಿದವರು. ನಾನು ಗುಡಿಗಳ ಶಾಸನ ನೋಡಲು ಹೋದಾಗ ಪರಿಚಯವಾಯಿತು, ಆಮೇಲೆ ಎರಡು ಮೂರು ಸಲ ಮನೆಗೂ ಹೋದೆ. ಮಗಳು ಟೆಕ್ಸಾಸಿನಲ್ಲಿ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯುತ್ತೇನೆ.

"ಮೊದಲ ಮೂರು ಸಲಾ ಬಿ-2 ಮ್ಯಾಲೆ ಹೋಗಿ ಬಂದ್ವಿ ತಂಗೀ. ಪ್ರತಿ ಸಲಾ ಆರು ತಿಂಗಳಾದ ಕೂಡ್ಲೇ ಮೊಮ್ಮಗ ಅಳಾಂವ, ನಮ್ಮಾಕಿನೂ ಅಳಾಕಿ. ಅದಕ್ಕ ಮಗಳು ಗ್ರೀನ್ ಕಾರ್ಡ್ ಮಾಡಿಸಿದ್ಲು. ಮಾಡಿಸಿದ ಮ್ಯಾಲೆ ಗೊತ್ತಾತು, ಈಗ ಅಲ್ಲೇ ಇರಬೇಕಂತ."

"ಇರೂದು ಛೊಲೋ ಅಲ್ಲೇನ್ರೀ ಮಾಸ್ತರ?" ಎಂದೆ.

"ಇರೂದು ಛೊಲೋನ ಐತಿ. ಆದ್ರ ಊರಿಗೆ ಬಂದ್ರ ಕ್ಯಾಲೆಂಡರ್ ಹಿಡಕೊಂಡು ಕೂಡಬೇಕು. ಅಲ್ಲಿದ್ದಾಗ ಇಲ್ಲಿ ದಿನಾ ಎಣಿಸ್ತಿದ್ದೆ, ಈಗ ಇಲ್ಲಿ ಕೂತು ಅಲ್ಲೀ ದಿನಾ ಎಣಿಸ್ತೀನಿ."

ಅವರು ಹೇಳಿದ್ದು ನಿಜ. ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ಮರಳುವಾಗ ಪ್ರಶ್ನೆಗಳು ಏಳುತ್ತವೆ. ಒಂದು ವರ್ಷ ದಾಟಿದರೆ ಆ ಕಾರ್ಡಿನ ಮೇಲೆ ಒಳಗೆ ಹೋಗುವಂತಿಲ್ಲ. ಹೋಗಲೇಬೇಕಾದರೆ ಮುಂಚೆಯೇ ಮರುಪ್ರವೇಶದ ಪರವಾನಗಿ ಪಡೆಯಬೇಕು, ಅದರ ಅವಧಿ ಹೆಚ್ಚೆಂದರೆ ಎರಡು ವರ್ಷ. ದಶಕಗಳ ನಂತರ ಬಂದು ಹೊಲ ಕೇಳಿದ ಮಿರಾಸದಾರನಿಗೆ ಈ ಮಾತು ಹೇಳಿದ್ದರೆ ನಗುತ್ತಿದ್ದನೋ ಏನೋ. ತೆರಿಗೆಯ ವಿಷಯದಲ್ಲಿ ಮಾತ್ರ ಅವನಿಗೆ ತಕ್ಷಣ ಅರ್ಥವಾಗುತ್ತಿತ್ತು. ಗ್ರೀನ್ ಕಾರ್ಡ್ ಹಿಡಿದವನು ಲೋಕದ ಯಾವ ಮೂಲೆಯಲ್ಲಿ ಗಳಿಸಿದರೂ ಅಮೆರಿಕಕ್ಕೆ ಲೆಕ್ಕ ಒಪ್ಪಿಸಬೇಕು. ಮಾಸ್ತರರ ಪಿಂಚಣಿ, ಹೊಲದ ಲಾವಣಿಯ ಹಣ, ಬ್ಯಾಂಕಿನ ಠೇವಣಿಯ ಬಡ್ಡಿ ಎಲ್ಲವೂ ಆ ಲೆಕ್ಕಕ್ಕೆ ಬರುತ್ತವೆ.

ಆದರೆ ಬರೀ ತೆರಿಗೆಯ ಲೆಕ್ಕ ಹಾಕಿ ಪ್ರವಾಸಿ ವೀಸಾವೇ ಮೇಲು ಎನ್ನುವುದೂ ಸರಿಯಲ್ಲ. ಎಪ್ಪತ್ತು ದಾಟಿದವರಿಗೆ ಅಲ್ಲಿ ಎದೆನೋವು ಬಂದರೆ? ಪ್ರವಾಸಿಗೆ ಇರುವುದು ತಾನೇ ಕೊಂಡ ಪ್ರಯಾಣ ವಿಮೆ, ಮೊದಲಿನಿಂದ ಇದ್ದ ಕಾಯಿಲೆಗಳಿಗೆ ಅದರಲ್ಲಿ ನೂರು ತಕರಾರು. ಗ್ರೀನ್ ಕಾರ್ಡಿನವರಿಗೂ ಹಿರಿಯರ ಸರಕಾರಿ ವಿಮೆ, ಮೆಡಿಕೇರ್, ಹೋದ ದಿನವೇ ಸಿಗುವುದಿಲ್ಲ. ಐದು ವರ್ಷ ಎಡೆಬಿಡದೆ ಅಲ್ಲಿ ವಾಸವಾಗಿದ್ದ ಮೇಲಷ್ಟೇ ಹಣ ಕಟ್ಟಿ ಸೇರಬಹುದು. ಅಷ್ಟರತನಕ ಆಸರೆಯ ಹೊಣೆ ಮಕ್ಕಳದು, ಅರ್ಜಿ ಹಾಕುವಾಗಲೇ ಅವರು ಹಾಗೆಂದು ಮುಚ್ಚಳಿಕೆ ಬರೆದುಕೊಟ್ಟಿರುತ್ತಾರೆ. ಲಾಳದ ವರ್ತಕನ ಹಿಂದೆ ನಿಂತಿದ್ದ ಸಂಘದ ಜಾಗದಲ್ಲಿ ಇಲ್ಲಿ ಉಳಿದಿರುವುದು ಒಬ್ಬ ಮಗಳ ಸಹಿ.

ಕೆನಡಾ ನಡುವಿನದೊಂದು ದಾರಿ ಹುಡುಕಿದೆ. 2011ರ ಡಿಸೆಂಬರಿನಲ್ಲಿ ಶುರುವಾದ ಸೂಪರ್ ವೀಸಾದಲ್ಲಿ ಪ್ರಜೆಗಳ ಮತ್ತು ಖಾಯಂ ವಾಸಿಗಳ ತಂದೆತಾಯಿ, ಅಜ್ಜ ಅಜ್ಜಿ ಒಮ್ಮೆಗೆ ಎರಡು ವರ್ಷ ಇರಬಹುದಿತ್ತು. 2022ರ ಜುಲೈಯಿಂದ ಅದನ್ನು ಐದು ವರ್ಷಕ್ಕೆ ಏರಿಸಿದರು. ವಿಮೆ ಇರಬೇಕು, ಮಕ್ಕಳ ಆದಾಯ ನಿಗದಿತ ಮಟ್ಟದಲ್ಲಿರಬೇಕು. ಬಂದವರು ನೆಲೆಸಿಯೇ ಬಿಡುತ್ತಾರೆಂಬ ಭಯವನ್ನು ಸ್ವಲ್ಪ ಬದಿಗಿಟ್ಟು, ಅವರ ಹೊಣೆ ಯಾರದು ಎಂದು ಕೇಳುವ ಈ ಕ್ರಮ ನನಗೆ ಬೆಳಗಾವಿಯ ಶಾಸನಕ್ಕೆ ಒಂದು ಹೆಜ್ಜೆ ಹತ್ತಿರವಾಗಿ ಕಾಣುತ್ತದೆ. ಬ್ರಿಟನ್ ಹೋದದ್ದು ಇದಕ್ಕೆ ತದ್ವಿರುದ್ಧ ದಿಕ್ಕಿಗೆ. 2012ರ ಜುಲೈಯಲ್ಲಿ ಅಲ್ಲಿ ಮಾಡಿದ ನಿಯಮದಂತೆ, ದಿನನಿತ್ಯದ ಕೆಲಸಕ್ಕೂ ಇನ್ನೊಬ್ಬರ ಆರೈಕೆ ಬೇಕು, ಅದು ತನ್ನ ದೇಶದಲ್ಲಿ ಸಿಗುವುದಿಲ್ಲ ಎಂದು ತೋರಿಸಿದ ತಾಯಿತಂದೆಗಷ್ಟೇ ಮಕ್ಕಳ ಹತ್ತಿರ ನೆಲೆ.

ಮಾಸ್ತರರು ಕಳೆದ ವರ್ಷ ಗ್ರೀನ್ ಕಾರ್ಡ್ ಮರಳಿಸಿದರು. ಅದಕ್ಕೂ ಒಂದು ಅರ್ಜಿ ನಮೂನೆ ಇದೆ, ಐ-407. ನಾನು ನನ್ನ ಖಾಯಂ ವಾಸದ ಹಕ್ಕನ್ನು ಬಿಟ್ಟುಕೊಡುತ್ತಿದ್ದೇನೆ ಎಂದು ಅದರಲ್ಲಿ ಸಹಿ ಮಾಡಬೇಕು. ಆಮೇಲೆ ಅವರು ಮತ್ತೆ ಬಿ-2 ವೀಸಾಕ್ಕೆ ಅರ್ಜಿ ಹಾಕಿದ್ದಾರೆ. ಸಂದರ್ಶನಕ್ಕೆ ಒಯ್ಯಲು ಹೊಸ ಉತಾರ ತೆಗೆಸಿದ್ದನ್ನು ನನಗೆ ತೋರಿಸಿದರು, ಜಂಟಿ ಖಾತೆಯಲ್ಲಿ ತಮ್ಮ ಹೆಸರು ಸರಿಯಾಗಿ ಬಂದಿದೆಯೇ ಎಂದು ಓದಲು ಹೇಳಿದರು. ಬಂದಿತ್ತು. ಒಳಗಿನಿಂದ ಅವರ ಮನೆಯವರು ಚಹಾ ತಂದಿಟ್ಟು, "ಈ ಸಲಾ ವೀಸಾ ಕೊಟ್ರ ಎಳ್ಳಮವಾಸಿ ಚರಗಾ ಚೆಲ್ಲಿ ಹೋಗೂದು, ಯುಗಾದಿ ದಾಟಿಸಿ ಬರೂದು" ಎಂದರು. ಮಾಸ್ತರರು ಬೆರಳು ಮಡಿಚಿ ತಿಂಗಳು ಎಣಿಸತೊಡಗಿದರು.